ಬೆಳಕಿನ ಕೊಳಗ



ಕಣದಲ್ಲಿ ರಾಶಿ ಅಳೆಯುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತಾರೆ. ಆಮೇಲೆ ಎರಡು, ಮೂರು ಎಂದು ಕೂಗುತ್ತಾ ಹೋಗುತ್ತಾರೆ. ನಡುವೆ ಯಾರಾದರೂ ಮಾತಾಡಿಸಿ ಎಣಿಕೆ ತಪ್ಪಿತೋ, ಮತ್ತೆ ಮೊದಲಿನಿಂದ ಶುರು. ಬೆಳಕಿನಿಂದ ದೂರ ಅಳೆಯುವಾಗಲೂ ಇದೇ ಕೊಳಗ, ಇದೇ ಎಣಿಕೆ, ತಪ್ಪೀತೆಂಬ ಇದೇ ಭಯ.

1889ರಿಂದ 1960ರವರೆಗೆ ಮೀಟರ್ ಎಂದರೆ ಪ್ಯಾರಿಸ್ ಬಳಿಯ ಸೆವ್ರ್‌ನಲ್ಲಿದ್ದ ಪ್ಲಾಟಿನಂ–ಇರಿಡಿಯಂ ಸರಳು. 1892–93ರಲ್ಲಿ ಭೌತವಿಜ್ಞಾನಿ ಆಲ್ಬರ್ಟ್ ಮೈಕೆಲ್ಸನ್ ಅಲ್ಲಿ ಕೂತು ಆ ಮೀಟರನ್ನು ಕ್ಯಾಡ್ಮಿಯಂನ ಕೆಂಪು ಬೆಳಕಿನ ಅಲೆಗಳಲ್ಲಿ ಲೆಕ್ಕ ಹಾಕಿದರು: ಸುಮಾರು 15,53,163 ಅಲೆ, ಮೇಲೊಂದು ಅರ್ಧ. ಅಷ್ಟನ್ನೂ ಅವರು ಒಂದೊಂದಾಗಿ ಎಣಿಸಲಿಲ್ಲ. ಅರ್ಧ ಮಿಲಿಮೀಟರಿಗೂ ಚಿಕ್ಕದಾದ ಅಳತೆಗೋಲನ್ನು ಎಣಿಸಿ, ಅದರ ಇಮ್ಮಡಿಯದನ್ನು ಅದಕ್ಕೆ ಹೋಲಿಸಿ, ಹೀಗೆ ಒಂಬತ್ತು ಗೋಲುಗಳಲ್ಲಿ 10 ಸೆಂಟಿಮೀಟರ್ ಮುಟ್ಟಿದರು.

ಅವರ ಉಪಕರಣದ ಗುಟ್ಟು ಸರಳ. ಅರ್ಧ ಬೆಳ್ಳಿ ಬಳಿದ ಗಾಜು ಬೆಳಕನ್ನು ಎರಡು ದಾರಿಗೆ ಹಂಚುತ್ತದೆ. ಎರಡೂ ಕನ್ನಡಿಗೆ ಬಡಿದು ಮರಳಿ ಕೂಡಿದಾಗ ಪರದೆಯ ಮೇಲೆ ಕಪ್ಪು–ಬಿಳಿ ಪಟ್ಟೆಗಳು ಏಳುತ್ತವೆ. ಒಂದು ಕನ್ನಡಿ ಅರ್ಧ ಅಲೆಯಷ್ಟು ಸರಿದರೆ ಒಂದು ಪಟ್ಟೆ ದಾಟುತ್ತದೆ. ಹೀಲಿಯಂ–ನಿಯಾನ್ ಲೇಸರಿನ 633 ನ್ಯಾನೊಮೀಟರಿನ ಕೆಂಪಿನಲ್ಲಿ ಪಟ್ಟೆಗೆ 316 ನ್ಯಾನೊಮೀಟರ್. ಆದರೆ ಇದು ಹೇಳುವುದು ಕನ್ನಡಿ ಎಷ್ಟು ಸರಿಯಿತು ಎಂಬುದನ್ನೇ ಹೊರತು, ಎಷ್ಟು ದೂರದಲ್ಲಿದೆ ಎಂಬುದನ್ನಲ್ಲ. ನಡುವೆ ಕೈ ಅಡ್ಡ ಬಂದರೆ ಎಣಿಕೆ ಹೋಯಿತು.

ಇಲ್ಲಿ ಬರುತ್ತದೆ ಬಣ್ಣ ಬದಲಿಸಬಲ್ಲ ಲೇಸರ್. ಕನ್ನಡಿ ನಿಂತಲ್ಲೇ ಇರಲಿ, ಬಣ್ಣವೇ ಸರಿಯಲಿ. ಆಗಲೂ ಪಟ್ಟೆಗಳು ಓಡುತ್ತವೆ. ಎರಡು ದಾರಿಗಳ ಉದ್ದದ ಅಂತರ ಹೆಚ್ಚಿದಷ್ಟೂ ಓಡುವ ಪಟ್ಟೆಗಳೂ ಹೆಚ್ಚು. ಬಣ್ಣವನ್ನು, ಎಂದರೆ ಬೆಳಕಿನ ಆವರ್ತನವನ್ನು, ಒಂದು ಲಕ್ಷ ಕೋಟಿ ಹರ್ಟ್ಸ್ ಸರಿಸಿದರೆ, ಪಟ್ಟೆಯೊಂದಕ್ಕೆ ಸುಮಾರು 0.15 ಮಿಲಿಮೀಟರ್. 20,000 ಪಟ್ಟೆ ದಾಟಿದವೆಂದರೆ ದೂರ 3 ಮೀಟರ್. ಪಟ್ಟೆಯ ನೂರರಲ್ಲೊಂದು ಪಾಲನ್ನು ಓದಬಲ್ಲವರಿಗೆ 1.5 ಮೈಕ್ರಾನ್ ಸಿಕ್ಕಿತು. ಈ ಲೆಕ್ಕಕ್ಕೆ ಬೇಕಾದ ಬೆಳಕಿನ ವೇಗವನ್ನು ಅಳೆಯುವ ಗೊಡವೆಯೂ ಇಲ್ಲ: 1983ರಿಂದ ಅದು ಸೆಕೆಂಡಿಗೆ 29,97,92,458 ಮೀಟರ್ ಎಂದೇ ನಿಗದಿ. ಆವರ್ತನ ನಿಜಕ್ಕೂ ಎಷ್ಟು ಸರಿಯಿತು? ಅದೇ ಬೆಳಕನ್ನು ಉದ್ದ ಗೊತ್ತಿರುವ ಇನ್ನೊಂದು ಉಪಕರಣಕ್ಕೂ ಹಾಯಿಸಿ ಅಲ್ಲಿನ ಪಟ್ಟೆಗಳಿಗೆ ತಾಳೆ ನೋಡುತ್ತಾರೆ.

ಜಿನೀವಾ ಬಳಿಯ ಕಣಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನಲ್ಲಿ ಅಟ್ಲಾಸ್ ಎಂಬ ಕಣಪತ್ತೆ ಯಂತ್ರವಿದೆ. ಅದು ಕೆಲಸ ಮಾಡುವಾಗ ಒಳಗೆ ಯಾರೂ ಹೋಗುವಂತಿಲ್ಲ. ಒಳಗಿನ ಚೌಕಟ್ಟು ಅಲುಗಿತೇ ಎಂದು ನೋಡಲು 842 ದೂರಗಳನ್ನು ಇದೇ ವಿಧಾನದಲ್ಲಿ ಅಳೆಯುವ ಏರ್ಪಾಡು ಮಾಡಿದ್ದರು.

ಇನ್ನು ತೊಡಕಿನ ಮಾತು. ಬಣ್ಣ ಸರಿಯುವ ಹೊತ್ತಿನಲ್ಲೇ ಕನ್ನಡಿ ಒಂದು ಮೈಕ್ರಾನ್ ಕದಲಿತೆನ್ನಿ. 1550 ನ್ಯಾನೊಮೀಟರಿನ ಲೇಸರಿನಲ್ಲಿ, ನಾನು ಹೇಳಿದಷ್ಟೇ ಸರಿಸಿದಾಗ, ಆ ತಪ್ಪು 193 ಪಟ್ಟು ಹಿಗ್ಗುತ್ತದೆ. ಒಂದು ಮೈಕ್ರಾನ್ ಹೆಚ್ಚುಕಡಿಮೆ 0.2 ಮಿಲಿಮೀಟರ್ ಆಗಿ ಕೂತಿರುತ್ತದೆ. ಅದಕ್ಕೆ ಎರಡು ಲೇಸರ್ ಹಚ್ಚಿ, ಒಂದನ್ನು ಏರಿಸುತ್ತಾ ಇನ್ನೊಂದನ್ನು ಇಳಿಸುತ್ತಾರೆ. ಎದುರುಬದುರಾದ ತಪ್ಪುಗಳು ಪರಸ್ಪರ ವಜಾ ಆಗುತ್ತವೆ. ಗಾಳಿಯ ಕಾಟ ಬೇರೆ. ಒಂದು ಡಿಗ್ರಿ ಬಿಸಿ ಏರಿದರೆ ಮೀಟರಿಗೆ ಸುಮಾರು ಒಂದು ಮೈಕ್ರಾನ್ ಲೆಕ್ಕ ತಪ್ಪುತ್ತದೆ. ಬೆಳಕಿನ ದಾರಿಯ ಕೆಳಗೆ ಅಂಗೈ ಹಿಡಿದು ನೋಡಿ: ಮುಟ್ಟದೆಯೂ ಪಟ್ಟೆಗಳು ತೂರಾಡುತ್ತವೆ.

ವಿದ್ಯಾರ್ಥಿಗಳಿಗೆ ಒಂದೇ ಮಾತು. ಪ್ರಯೋಗದ ಪುಸ್ತಕದಲ್ಲಿ ಉತ್ತರ ಬರೆದು ಗೆರೆ ಎಳೆಯಬೇಡಿ. ಅದು ಎಷ್ಟು ತಪ್ಪಿರಬಹುದು, ಯಾವುದರಿಂದ ತಪ್ಪಿರಬಹುದು ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ. ಅದಿಲ್ಲದ ಸಂಖ್ಯೆ ಅಂದಾಜು, ಅದಿದ್ದರೆ ಅಳತೆ.