ಬಿಗಿಯಾದ ಕ್ಲಚ್ಚು

ಶ್ರೀರಾಂಪುರದ ಕಡೆಯಿಂದ ಹೊಸದುರ್ಗಕ್ಕೆ ತೆಂಗಿನಕಾಯಿ ಹೇರುವ ಚಾಲಕರನ್ನು ಕೇಳಿ ನೋಡಿ, ಕ್ಲಚ್ ಬಿಗಿಯಾದರೆ ಎಡಗಾಲಿನ ಮಂಡಿ ಹಿಡಿದುಕೊಳ್ಳುತ್ತದೆ ಅನ್ನುತ್ತಾರೆ. ಹಾಗಂತ ಎಲ್ಲ ಬಿಗಿಯೂ ದೋಷವಲ್ಲ; ಸ್ಪೋರ್ಟ್ಸ್ ಕಾರಿನ ಪೆಡಲ್ ಹುಟ್ಟಿನಿಂದಲೇ ತುಸು ಗಟ್ಟಿ. ಎಂಜಿನ್ನಿನ ಬಲ ಜಾರದಂತೆ ಹಿಡಿಯಲು ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಬಲವಾಗಿರಬೇಕು. ಹಗುರವಾಗಿದ್ದ ಪೆಡಲ್ ದಿನೇ ದಿನೇ ಗಟ್ಟಿಯಾದರೆ ಮಾತ್ರ ತಡಮಾಡಬಾರದು.

ಕೇಬಲ್ ಇರುವ ಗಾಡಿಯಾದರೆ ಮೊದಲು ಅದನ್ನೇ ಬಿಚ್ಚಿ, ಕೈಯಲ್ಲಿ ಎಳೆದು ನೋಡಬೇಕು. ತಂತಿಯ ಎಳೆ ಕಡಿದು, ಧೂಳು ತುಂಬಿ, ತುಕ್ಕು ಹಿಡಿದಿದ್ದರೆ ಗರಗರ ಎಂದು ಕೈಗೇ ಗೊತ್ತಾಗುತ್ತದೆ. ಹೊಸದು ಹಾಕಿಸಿ. ಕೇಬಲ್ ನುಣ್ಣಗೆ ಜಾರಿದರೆ ದೋಷ ಒಳಗಿದೆ: ಕ್ಲಚ್ ಫೋರ್ಕ್ ಕೂರುವ ಜಾಗದ ಗ್ರೀಸ್ ಒಣಗಿರಬಹುದು, ಕ್ಲಚ್ ಪ್ಲೇಟ್ ಸವೆದಿರಬಹುದು. ಪ್ಲೇಟ್ ಸವೆದಂತೆ ಪೆಡಲ್ ಬಿಗಿಯಾಗುವುದು ಎಷ್ಟೋ ಜನಕ್ಕೆ ತಿಳಿದಿಲ್ಲ.

“ಅಭ್ಯಾಸ ಆಗುತ್ತೆ ಬಿಡಣ್ಣ” ಎಂಬ ಮಾತು ಕೇಳಿದರೆ ನನಗೆ ಸಂಕಟವಾಗುತ್ತದೆ. ದಿನವಿಡೀ ತುಳಿಯುವ ಕಾಲು ಅದು. ಗಾಡಿಯ ಮಾಲೀಕರೇ, ಈ ವಾರವೇ ಗ್ಯಾರೇಜಿಗೆ ಕಳಿಸಿ.