ಹಿಂದಿನ ಬ್ಯಾಚಿನವರ ಕಾಗದಗಳು

ಮಾಟುಂಗದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಾಗಲಿ, ಪುಣೆಯ ಅಪ್ಪಾ ಬಳವಂತ ಚೌಕದಲ್ಲಾಗಲಿ, ದೆಹಲಿಯ ನಯೀ ಸಡಕಿನಲ್ಲಾಗಲಿ ಹಳೆಯ ಪಠ್ಯಪುಸ್ತಕ ಕೊಳ್ಳುವವರನ್ನು ಸ್ವಲ್ಪ ನಿಂತು ನೋಡಿ. ಪುಟ ತಿರುವುತ್ತಾರೆ, ಒಳಗೆ ಯಾರೋ ಗೆರೆ ಎಳೆದಿದ್ದರೆ ಮುಖ ಸಿಂಡರಿಸಿ ಕೆಳಗಿಡುತ್ತಾರೆ, ಶುಭ್ರವಾದ ಪ್ರತಿಗೆ ಹತ್ತು ರೂಪಾಯಿ ಹೆಚ್ಚು ಕೊಡುತ್ತಾರೆ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ವಾಣಿಜ್ಯ ವಿಷಯ ಪಾಠ ಮಾಡಿದ ನನ್ನ ಅಭಿಪ್ರಾಯ ಕೇಳಿದರೆ, ಗೆರೆ ಎಳೆದ ಪ್ರತಿಯನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಅಂಚಿನಲ್ಲಿ ಪೆನ್ಸಿಲಿನಿಂದ “ಕ್ಲೋಸಿಂಗ್ ಸ್ಟಾಕ್ ಮರೆಯಬೇಡ” ಎಂದೋ, “ಇಲ್ಲಿ ಮೊದಲು ಪರ್ಸೆಂಟೇಜ್ ತೆಗಿ” ಎಂದೋ ಬರೆದಿದ್ದರೆ ಅದು ಚಿನ್ನ. ಪುಸ್ತಕ ಬರೆದ ಪಂಡಿತರಿಗೆ ಆ ವಿಷಯ ಗೊತ್ತಿಲ್ಲದ ದಿನಗಳು ಎಂದೋ ಮರೆತುಹೋಗಿರುತ್ತವೆ. ಅಂಚಿನಲ್ಲಿ ಬರೆದವನು ಮಾತ್ರ ಆಗಷ್ಟೇ ಅಲ್ಲಿ ಎಡವಿ ಎದ್ದವನು.

ಇಂದಿನ ಮಾತು ಇದರ ಬಗ್ಗೆಯೇ. ಒಂದು ಕೋರ್ಸಿನಲ್ಲಿ ನಮಗಿಂತ ಮುಂಚೆ ಕುಳಿತವರ ಕೆಲಸದಿಂದ, ಅಂದರೆ ಅವರ ಉತ್ತರ, ನೋಟ್ಸು, ಪ್ರಾಜೆಕ್ಟು, ಫೈಲುಗಳಿಂದ ನಾವು ಕಲಿಯುವುದು ಹೇಗೆ?

ಹಗಲು ಕಾಲೇಜಿಗೆ ಹೋಗುವ, ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅವರಿಗೆ ಸೀನಿಯರ್‌ಗಳಿದ್ದಾರೆ. ನನ್ನ ಚಿಂತೆ ಇರುವುದು ಒಂಟಿಯಾಗಿ ಓದುವವರದ್ದು. ಹಿಂದೆ ಊರಿಂದ ಬಂದು ಹೋಟೆಲಿನಲ್ಲಿ ದುಡಿಯುತ್ತಿದ್ದ ಹುಡುಗರು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ವಕೀಲರಾದರು, ಬ್ಯಾಂಕ್ ಅಧಿಕಾರಿಗಳಾದರು ಎಂಬುದು ನಿಮಗೆಲ್ಲ ಗೊತ್ತಿರುವ ಕಥೆ. ಆ ಶಾಲೆಗಳಲ್ಲಿ ಮೇಷ್ಟ್ರಷ್ಟೇ ಮುಖ್ಯವಾದದ್ದು ಒಂದು ವರ್ಷ ಮುಂದಿದ್ದ ಅಣ್ಣಂದಿರ ನೋಟ್‌ಬುಕ್ಕು. ಈಗ ಅಂಥ ಹುಡುಗ ಅಂಚೆಯ ಮೂಲಕ ಪದವಿ ಓದುತ್ತಾನೆ. ಪುಸ್ತಕದ ಕಟ್ಟು ಮನೆಗೆ ಬರುತ್ತದೆ, ಪರೀಕ್ಷೆಯ ದಿನಾಂಕ ಬರುತ್ತದೆ, ನಡುವೆ ಯಾರೂ ಇಲ್ಲ. ಮಕ್ಕಳು ದೊಡ್ಡವರಾದ ಮೇಲೆ ಎಂ.ಎ.ಗೆ ಕಟ್ಟಿದ ಗೃಹಿಣಿಯರ ಪರಿಸ್ಥಿತಿಯೂ ಇದೇ. ಒಳ್ಳೆಯ ಉತ್ತರ ಅಂದರೆ ಹೇಗಿರುತ್ತದೆ ಎಂಬುದನ್ನೇ ಒಮ್ಮೆಯೂ ನೋಡದೆ ಇವರು ಪರೀಕ್ಷೆಗೆ ಕುಳಿತುಕೊಳ್ಳುತ್ತಾರೆ. ಇಡ್ಲಿ ತಿನ್ನದವನಿಗೆ ಇಡ್ಲಿ ಮಾಡು ಎಂದ ಹಾಗೆ.

ನೋಡಲು ದಾರಿಗಳಿವೆ. ಒಂದು ಕಾಲದಲ್ಲಿ ತಿದ್ದಿದ ಉತ್ತರಪತ್ರಿಕೆ ಎಂದರೆ ದೇವರ ಗರ್ಭಗುಡಿ ಇದ್ದಂತೆ, ಬರೆದವನೇ ಅದನ್ನು ಮತ್ತೆ ನೋಡುವಂತಿರಲಿಲ್ಲ. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟು, ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ವಿದ್ಯಾರ್ಥಿಗೆ ತನ್ನ ಮೌಲ್ಯಮಾಪನವಾದ ಉತ್ತರಪತ್ರಿಕೆಯನ್ನು ನೋಡುವ, ಪ್ರತಿ ಪಡೆಯುವ ಹಕ್ಕಿದೆ ಎಂದು ತೀರ್ಪು ಕೊಟ್ಟಿತು. ಆ ತೀರ್ಪನ್ನು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿದ್ದ ಆರ್.ವಿ. ರವೀಂದ್ರನ್ ಅವರು. ಗಮನಿಸಿ, ಹಕ್ಕು ಇರುವುದು ಸ್ವಂತ ಪತ್ರಿಕೆಗೆ, ಪಕ್ಕದವನದ್ದಕ್ಕಲ್ಲ. ಆದರೆ ಕಳೆದ ವರ್ಷ ಬರೆದ ಗೆಳೆಯ ತನ್ನ ಪ್ರತಿ ತರಿಸಿಕೊಂಡು ನಿಮಗೆ ತೋರಿಸಿದರೆ ಬೇಡ ಎನ್ನುವವರು ಯಾರೂ ಇಲ್ಲ. ಸಿ.ಬಿ.ಎಸ್.ಇ.ಯಂತೂ ಹೆಚ್ಚು ಅಂಕ ಪಡೆದವರ ಕೆಲವು ಉತ್ತರಪತ್ರಿಕೆಗಳನ್ನು ತಾನೇ ಎಲ್ಲರಿಗೂ ಸಿಗುವಂತೆ ಪ್ರಕಟಿಸಿದ್ದುಂಟು.

ಯು.ಪಿ.ಎಸ್.ಸಿ. ಮಾತ್ರ ಬೇರೆ. 2018ರಲ್ಲಿ ಅದೇ ಸುಪ್ರೀಂ ಕೋರ್ಟು, ಸಿವಿಲ್ ಸರ್ವೀಸಸ್ ಪರೀಕ್ಷೆಯ ಮಾಹಿತಿಯನ್ನು ಕೇಳಿದ ಕೂಡಲೇ ಯಾಂತ್ರಿಕವಾಗಿ ಕೊಡಲಾಗದು ಎಂದಿತು. ಹಾಗಾಗಿ ದೆಹಲಿಯ ಅಂಗಡಿಗಳಲ್ಲಿ “ಟಾಪರ್ ಕಾಪಿ” ಎಂದು ಮಾರುವ ಕಟ್ಟುಗಳು ನಿಜವಾದ ಪರೀಕ್ಷೆಯವಲ್ಲ, ಕೋಚಿಂಗ್ ಸೆಂಟರಿನ ಅಭ್ಯಾಸ ಪರೀಕ್ಷೆಯವು. ಓದಬಾರದೆಂದಲ್ಲ. ಏನು ಓದುತ್ತಿದ್ದೇವೆ ಎಂದು ತಿಳಿದು ಓದಿದರಾಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಾರ್ಟರ್ಡ್ ಅಕೌಂಟೆಂಟ್ಸ್ ಸಂಸ್ಥೆಯ ಪದ್ಧತಿ. ಅವರು ಪ್ರತಿ ಪರೀಕ್ಷೆಯ ಮಾದರಿ ಉತ್ತರ ಪ್ರಕಟಿಸುತ್ತಾರೆ, ಅದು ಎಲ್ಲರಿಗೂ ಗೊತ್ತು. ಅದರ ಜೊತೆಗೆ, ಅಭ್ಯರ್ಥಿಗಳು ಹೇಗೆ ಬರೆದರು ಎಂದು ಪರೀಕ್ಷಕರು ಹೇಳುವ ಟಿಪ್ಪಣಿಗಳನ್ನೂ ಪ್ರಕಟಿಸಿಕೊಂಡು ಬಂದಿದ್ದಾರೆ. ಯಾವ ಪ್ರಶ್ನೆಯನ್ನು ತಪ್ಪಾಗಿ ಅರ್ಥ ಮಾಡಿಕೊಂಡರು, ಎಲ್ಲಿ ವರ್ಕಿಂಗ್ ನೋಟ್ ಬಿಟ್ಟರು, ಇಂಥವು. ಸಾವಿರಾರು ಜನ ಎಡವಿದ ಜಾಗಕ್ಕೆ ಯಾರೋ ಕೆಂಪು ಬಾವುಟ ನೆಟ್ಟು ಹೋದ ಹಾಗೆ. ಮಾದರಿ ಉತ್ತರ ಓದುವವರು ಬಹಳ, ಈ ಟಿಪ್ಪಣಿ ಓದುವವರನ್ನು ನಾನು ಕಂಡದ್ದು ಕಡಿಮೆ.

ಸರಿ, ಕಾಗದ ಕೈಗೆ ಸಿಕ್ಕಿತು. ಓದುವುದು ಹೇಗೆ?

1985ರಲ್ಲಿ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ ಎಂಬ ಸಂಶೋಧಕರು ಆಸ್ಟ್ರೇಲಿಯಾದಲ್ಲಿ ಬೀಜಗಣಿತ ಕಲಿಯುವ ಮಕ್ಕಳ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಒಂದು ಗುಂಪಿಗೆ ಎಲ್ಲ ಲೆಕ್ಕಗಳನ್ನೂ ತಾವೇ ಬಿಡಿಸಲು ಕೊಟ್ಟರು. ಇನ್ನೊಂದು ಗುಂಪಿಗೆ ಬಿಡಿಸಿದ ಲೆಕ್ಕ ಒಂದನ್ನು ಓದಲು, ಅದೇ ಥರದ್ದನ್ನು ಬಿಡಿಸಲು, ಹೀಗೆ ಜೋಡಿ ಜೋಡಿಯಾಗಿ ಕೊಟ್ಟರು. ಎರಡನೆಯ ಗುಂಪು ಕಡಿಮೆ ಸಮಯದಲ್ಲಿ, ಕಡಿಮೆ ತಪ್ಪಿನೊಂದಿಗೆ ಅಂಥ ಲೆಕ್ಕಗಳನ್ನು ಮಾಡಿತು. ಆದರೆ ಸ್ವರೂಪವೇ ಬೇರೆಯಾದ ಲೆಕ್ಕ ಬಂದಾಗ ಆ ಲಾಭ ಕಾಣಲಿಲ್ಲ. ಈ ಎರಡನೆಯ ಮಾತನ್ನು ಗೈಡ್ ಮಾರುವವರು ಹೇಳುವುದಿಲ್ಲ, ಆದ್ದರಿಂದ ನಾನು ಹೇಳುತ್ತಿದ್ದೇನೆ.

ಆ ಕೊರತೆ ತುಂಬುವುದು ಎಲ್ಲಿಂದ ಎಂಬುದಕ್ಕೆ ಒಂದು ಸುಳಿವು 1989ರಲ್ಲಿ ಸಿಕ್ಕಿತು. ಅಮೆರಿಕದ ಮಿಷೆಲೀನ್ ಚಿ ಮತ್ತು ಸಂಗಡಿಗರು ಭೌತಶಾಸ್ತ್ರದ ಕೆಲವೇ ವಿದ್ಯಾರ್ಥಿಗಳನ್ನು ಕೂರಿಸಿ, ಬಿಡಿಸಿದ ಲೆಕ್ಕ ಓದುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಹೇಳಿಸಿದರು. ಮುಂದೆ ಚೆನ್ನಾಗಿ ಮಾಡಿದವರು ಪ್ರತಿ ಹೆಜ್ಜೆಗೂ “ಇದು ಯಾಕೆ ಹೀಗೆ” ಎಂದು ತಮಗೆ ತಾವೇ ವಿವರಿಸಿಕೊಳ್ಳುತ್ತಿದ್ದರು. ಹಿಂದುಳಿದವರು ಓದಿದ್ದನ್ನೇ ಮತ್ತೆ ಓದುತ್ತಿದ್ದರು.

ಒಂದು ಸಣ್ಣ ಲೆಕ್ಕ ಹೇಳುತ್ತೇನೆ, ಕಾಗದ ಬೇಡ. ಒಂದು ಲಕ್ಷ ರೂಪಾಯಿಯ ಗ್ರೈಂಡರು, ಶೇಕಡಾ 10ರಂತೆ ಸವಕಳಿ, ಉಳಿದ ಬೆಲೆಯ ಮೇಲೆ. ಹಿಂದಿನ ವಿದ್ಯಾರ್ಥಿ ಮೊದಲ ವರ್ಷ 10,000 ಬರೆದಿದ್ದಾನೆ, ಎರಡನೆಯ ವರ್ಷ 9,000, ಮೂರನೆಯ ವರ್ಷ 8,100. ಉರುಹೊಡೆಯುವವನು ಮೂರು ಅಂಕಿಗಳನ್ನು ನೋಡಿ ಪುಟ ತಿರುವುತ್ತಾನೆ. ಕಲಿಯುವವನು ಎರಡನೆಯ ಅಂಕಿಯ ಮೇಲೆ ಬೆರಳಿಟ್ಟು ಕೇಳುತ್ತಾನೆ: ಹತ್ತು ಯಾಕೆ ಒಂಬತ್ತಾಯಿತು? ಓಹೋ, ಗ್ರೈಂಡರಿನ ಬೆಲೆ ಈಗ ತೊಂಬತ್ತು ಸಾವಿರ. ಹಾಗಾದರೆ ಇದು ಎಂದಾದರೂ ಸೊನ್ನೆಗೆ ಬರುತ್ತದೆಯೇ? ಬರುವುದೇ ಇಲ್ಲ! ಈ ಕೊನೆಯ ಪ್ರಶ್ನೆ ಕೇಳಿದವನಿಗೆ ನಾಳೆ ಪ್ರಶ್ನೆಪತ್ರಿಕೆಯಲ್ಲಿ ಗ್ರೈಂಡರಿನ ಬದಲು ಲಾರಿ ಬಂದರೂ ಭಯವಿಲ್ಲ. ನಾನು ತರಗತಿಯಲ್ಲಿ ಮಾಡಿಸುತ್ತಿದ್ದುದು ಇಷ್ಟೇ. ಹಳೆಯ ಉತ್ತರದ ಮೇಲೆ ಒಂದು ಪೋಸ್ಟ್‌ಕಾರ್ಡ್ ಮುಚ್ಚಿ, ಒಂದೊಂದೇ ಸಾಲು ಕೆಳಗೆ ಸರಿಸುವುದು. ಮುಂದಿನ ಸಾಲು ಏನಿರಬಹುದೆಂದು ಮೊದಲು ಹೇಳಬೇಕು, ಆಮೇಲೆ ಕಾರ್ಡು ಸರಿಸಬೇಕು.

ಇನ್ನು, ಯಾರ ಉತ್ತರ ಓದಬೇಕು? ಮೊದಲ ರ‍್ಯಾಂಕಿನವರದ್ದು ಎಂದು ಎಲ್ಲ ತಂದೆತಾಯಂದಿರೂ ಹೇಳುತ್ತಾರೆ. ಇಲ್ಲಿ ಸ್ವಲ್ಪ ಎಚ್ಚರ ಬೇಕು. 2016ರಲ್ಲಿ ಟಾಡ್ ರೋಜರ್ಸ್ ಮತ್ತು ಏವಿ ಫೆಲ್ಲರ್ ಎಂಬಿಬ್ಬರು ಒಂದು ದೊಡ್ಡ ಆನ್‌ಲೈನ್ ಕೋರ್ಸಿನ ಲೆಕ್ಕಾಚಾರ ಪ್ರಕಟಿಸಿದರು. ಅಲ್ಲಿ ವಿದ್ಯಾರ್ಥಿಗಳು ಒಬ್ಬರ ಪ್ರಬಂಧವನ್ನು ಇನ್ನೊಬ್ಬರು ತಿದ್ದಬೇಕಿತ್ತು. ಯಾರಿಗೆ ಅದೃಷ್ಟವಶಾತ್ ಅತ್ಯುತ್ತಮ ಪ್ರಬಂಧಗಳು ಸಿಕ್ಕವೋ, ಅವರಲ್ಲೇ ಕೋರ್ಸ್ ಬಿಟ್ಟುಹೋದವರು ಹೆಚ್ಚು. ಎಲ್ಲರೂ ಹೀಗೇ ಬರೆಯುತ್ತಾರೆ, ನನ್ನಿಂದಾಗದು ಎಂದುಕೊಂಡರು. ಈ ಸಂಗತಿ ನನಗೆ ಬಹಳ ನಾಟಿತು. ಹಗಲೆಲ್ಲ ಗಲ್ಲಾದಲ್ಲಿ ಕುಳಿತು ರಾತ್ರಿ ಹತ್ತಕ್ಕೆ ಪುಸ್ತಕ ತೆರೆಯುವವನ ಕೈಗೆ ರಾಷ್ಟ್ರದಲ್ಲೇ ಮೊದಲು ಬಂದವಳ ಉತ್ತರ ಕೊಟ್ಟರೆ, ಪುಸ್ತಕ ಮುಚ್ಚಿಯೇ ಬಿಡಬಹುದು. ಅವನಿಗೆ ಬೇಕಾದದ್ದು ಅರವತ್ತು ಅಂಕದ ಉತ್ತರ, ಅದರ ಪಕ್ಕದಲ್ಲಿ ನಲವತ್ತರದ್ದು, ಎರಡರ ನಡುವೆ ಇಪ್ಪತ್ತು ಅಂಕ ಎಲ್ಲಿ ಹೋಯಿತೆಂಬ ಹುಡುಕಾಟ. ತೊಂಬತ್ತರದ್ದನ್ನು ಆಮೇಲೆ ನೋಡೋಣ.

ಈಗ ಅಪಾಯದ ಮಾತು. ಆಡಿಟರ ಕಚೇರಿಗೆ ಆರ್ಟಿಕಲ್‌ಶಿಪ್‌ಗೆ ಸೇರುವ ಹುಡುಗ ಹುಡುಗಿಯರಿಗೆ ಮೊದಲ ದಿನ ಕೈಗೆ ಬರುವುದು ಕಳೆದ ವರ್ಷದ ಫೈಲು, ಹಿಂದಿನ ಬ್ಯಾಚಿನ ಆರ್ಟಿಕಲ್ ತಯಾರಿಸಿದ್ದು. ಸಂಸ್ಥೆಯ 230ನೇ ಆಡಿಟ್ ಮಾನದಂಡ ಹೇಳುವುದೂ ಇದನ್ನೇ: ಆ ಲೆಕ್ಕದೊಡನೆ ಸಂಬಂಧವೇ ಇರದ ಅನುಭವಿ ಆಡಿಟರನೊಬ್ಬ ತೆರೆದು ನೋಡಿದರೂ ಏನು ಮಾಡಿದರು, ಯಾಕೆ ಮಾಡಿದರು ಎಂಬುದು ಅರ್ಥವಾಗುವಂತೆ ಕಾಗದ ಇರಬೇಕು. ಕಲಿಯಲು ಇದಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. ಕೆಡಲೂ ಇದಕ್ಕಿಂತ ಸುಲಭ ದಾರಿ ಇಲ್ಲ. ಇಂಗ್ಲಿಷಿನಲ್ಲಿ ಆಡಿಟಿನವರು ತಮಾಷೆಗೆ “ಸ್ಯಾಲಿ” ಎನ್ನುತ್ತಾರೆ, “ಕಳೆದ ವರ್ಷದಂತೆಯೇ” ಎಂಬುದರ ಹ್ರಸ್ವರೂಪ. ಪರಿಚಯದ ಹುಡುಗನೊಬ್ಬ, ಉಡುಪಿ ಕಡೆಯವನು, ಒಂದು ಗೋದಾಮಿನ ದಾಸ್ತಾನು ಪಟ್ಟಿ ತಂದು ತೋರಿಸಿದ. ಅದರಲ್ಲಿ ಒಂದೂ ಟಿಕ್ ಹೊಸದಿರಲಿಲ್ಲ.

“ಇದನ್ನು ಎಣಿಸಿ ನೋಡಿದಿಯಾ?” ಎಂದೆ.

“ಹೋದ ವರ್ಷದ ಫೈಲಲ್ಲಿ ಹಾಗೇ ಉಂಟಲ್ಲ ಸರ್.”

“ಹೋದ ವರ್ಷದವ ಎಣಿಸಿದ್ದನಾ ಮಾರಾಯ?”

ಹುಡುಗ ಸುಮ್ಮನಾದ. ಮರುದಿನ ಗೋದಾಮಿಗೆ ಹೋದನಂತೆ. ಹಿಂದಿನವನ ಫೈಲು ಯಾವ ಬಾಗಿಲು ತಟ್ಟಬೇಕೆಂದು ಹೇಳುತ್ತದೆ, ನಿಮ್ಮ ಬದಲಿಗೆ ತಾನೇ ಹೋಗಿ ತಟ್ಟುವುದಿಲ್ಲ.

ಹಳೆಯ ಕಾಗದಕ್ಕೆ ಇನ್ನೊಂದು ರೋಗ ಉಂಟು, ಅದು ಹಳಸುತ್ತದೆ. 2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂತು, ವ್ಯಾಟ್ ಮತ್ತು ಸೇವಾ ತೆರಿಗೆಯ ಎಷ್ಟು ಸೊಗಸಾದ ನೋಟ್ಸುಗಳಿದ್ದವೋ ಎಲ್ಲ ರದ್ದಿಗೆ ಹೋದವು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ, ಕೊಲೆಯ ಶಿಕ್ಷೆಯ 302ನೇ ಕಲಂ 103 ಆಯಿತು. ಸಿನಿಮಾ ನೋಡಿದವರಿಗೆಲ್ಲ ಬಾಯಿಪಾಠವಾಗಿದ್ದ 420 ಈಗ 318ರೊಳಗೆ ಸೇರಿದೆ. 1961ರ ಆದಾಯ ತೆರಿಗೆ ಕಾಯಿದೆಯ ಜಾಗಕ್ಕೆ 2025ರ ಕಾಯಿದೆ ಬಂದಿದೆ, ಅದು ಅನ್ವಯವಾಗುವುದು 2026ರ ಏಪ್ರಿಲ್ 1ರಿಂದ. ಹಾಗೆಂದು ಕಾನೂನು ಓದುವವರು ಹಳೆಯ ಉತ್ತರ ಎಸೆಯಬೇಕಾಗಿಲ್ಲ. ಸಂಗತಿಯನ್ನು ಬಿಡಿಸಿ, ಕಾನೂನನ್ನು ಅದಕ್ಕೆ ಹೊಂದಿಸಿ, ತೀರ್ಮಾನಕ್ಕೆ ಬರುವ ಕ್ರಮ ಹಾಗೇ ಇದೆ. ಕಲಂ ಸಂಖ್ಯೆಗಳನ್ನು ಮಾತ್ರ ಹೊಸ ಪುಸ್ತಕ ಪಕ್ಕಕ್ಕಿಟ್ಟುಕೊಂಡು ತಿದ್ದಿಕೊಳ್ಳಿ. ಆ ತಿದ್ದುವ ಕೆಲಸವೇ ಅರ್ಧ ಓದು.

ಸಂಶೋಧನೆ ಮಾಡುವವರಿಗೆ ಒಂದೆರಡು ಮಾತು. ಶೋಧಗಂಗಾ ಎಂಬ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಲಕ್ಷಾಂತರ ಪಿಎಚ್.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ, ಕನ್ನಡದವೂ ಇವೆ. ಹೈದರಾಬಾದಿನಲ್ಲಿ ಕುಳಿತು ಧಾರವಾಡದ ಪ್ರಬಂಧ ಓದಬಹುದು. ಅಧ್ಯಾಯ ಹೇಗೆ ಹಂಚಿದ್ದಾರೆ, ಆಕರ ಎಲ್ಲಿ ಹುಡುಕಿದ್ದಾರೆ, ಏನನ್ನು ಬಿಟ್ಟಿದ್ದಾರೆ ಎಂದು ನೋಡಿ. ಬಿಟ್ಟದ್ದೇ ನಿಮ್ಮ ವಿಷಯವಾಗಬಹುದು. ಪ್ಯಾರಾ ಎತ್ತಿ ಹಾಕಿದರೆ ಈಗ ತಪ್ಪಿಸಿಕೊಳ್ಳುವುದು ಕಷ್ಟ. ಯು.ಜಿ.ಸಿ.ಯ 2018ರ ನಿಯಮದ ಪ್ರಕಾರ ಶೇಕಡಾ 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಮೇಲೇರಿದಂತೆ ತಿದ್ದಿ ಮತ್ತೆ ಸಲ್ಲಿಸುವ ಶಿಕ್ಷೆ, 60 ದಾಟಿದರೆ ನೋಂದಣಿಯೇ ರದ್ದು. ಅಂಕಿ ಏನೇ ಇರಲಿ, ನನ್ನದೊಂದು ಸರಳ ಪರೀಕ್ಷೆ: ಹಿಂದಿನವರ ಪುಟವನ್ನು ಮುಚ್ಚಿಟ್ಟು ಬರೆಯಲು ಬರುತ್ತದೆಯೇ? ಬಂದರೆ ಕಲಿತಿದ್ದೀರಿ. ತೆರೆದೇ ಇರಬೇಕಾದರೆ ನಕಲು ಮಾಡುತ್ತಿದ್ದೀರಿ. ಮುಚ್ಚಿ ಬರೆದರೂ ಯಾರಿಂದ ತಿಳಿಯಿತೋ ಅವರ ಹೆಸರು ಅಡಿಟಿಪ್ಪಣಿಯಲ್ಲಿ ಇರಲಿ.

ಕೊನೆಗೆ, ಈ ಸಲ ಪರೀಕ್ಷೆ ಮುಗಿಸಿದವರಲ್ಲಿ ಒಂದು ಕೋರಿಕೆ. ನೋಟ್ಸು, ಮೌಲ್ಯಮಾಪನವಾದ ಪ್ರತಿ, ಅಸೈನ್‌ಮೆಂಟು ಎಲ್ಲವನ್ನೂ ರದ್ದಿಯವನಿಗೆ ತೂಕಕ್ಕೆ ಹಾಕಬೇಡಿ. ನಿಮ್ಮ ಊರಿನ ಕನ್ನಡ ಸಂಘದ ವಾಚನಾಲಯದಲ್ಲಿ ಒಂದು ಕಪಾಟಿನ ಖಾನೆ ಕೇಳಿ ಇಡಿ. ರಟ್ಟಿನ ಮೇಲೆ ಕೋರ್ಸಿನ ಹೆಸರು, ಯಾವ ವರ್ಷದ ಪಠ್ಯಕ್ರಮ ಎಂಬುದನ್ನು ದಪ್ಪಕ್ಷರದಲ್ಲಿ ಬರೆಯಿರಿ. ಮನೆ ವಿಳಾಸ, ಫೋನ್ ನಂಬರು, ರೋಲ್ ನಂಬರು ಇದ್ದರೆ ಹೊಡೆದುಹಾಕಿ. ಅಂದವಾಗಿ ಕಾಣಲೆಂದು ತಪ್ಪು ಉತ್ತರದ ಹಾಳೆಗಳನ್ನು ಹರಿದು ತೆಗೆಯಬೇಡಿ, ಕೆಂಪು ಶಾಯಿಯ ಗುರುತುಗಳ ಸಮೇತ ಕೊಡಿ.