ಅಡುಗೆ ಕಲಿಯಲು ಪದವಿ ಏಕೆ?

(ಪದವಿಪೂರ್ವ ವಿದ್ಯಾರ್ಥಿನಿಯರು ಹಾಗೂ ಹೆತ್ತವರ ಸಭೆಯಲ್ಲಿ ಮಾಡಿದ ಭಾಷಣ)



ಮೊದಲಿಗೆ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ನಮ್ಮ ಅಕ್ಕನ ಮಗಳು ಬಿ.ಎಸ್ಸಿ. ಮುಗಿಸಿ, ಆಹಾರ ವಿಜ್ಞಾನ ಮತ್ತು ಪೋಷಣೆಯಲ್ಲಿ ಎಂ.ಎಸ್ಸಿ. ಓದುವ ಆಸೆ ವ್ಯಕ್ತಪಡಿಸಿದಳು. ಭಾವ ನಮ್ಮ ಅಭಿಪ್ರಾಯ ಕೇಳಿದರು. ಮದ್ರಸದಲ್ಲೂ ಕಾಲೇಜಿನಲ್ಲೂ ಕಲಿತವರೆಂಬ ಹಮ್ಮಿನಿಂದ ನಾವು ಹೇಳಿದೆವು: "ಅಡುಗೆ ಕಲಿಯಲು ಎರಡು ವರ್ಷ ಹಾಸ್ಟೆಲ್‌ನಲ್ಲಿ ಇರಬೇಕೇ? ಅದನ್ನು ಅವಳ ಉಮ್ಮನೇ ಕಲಿಸುವುದಿಲ್ಲವೇ?" ಮನೆಮಂದಿಯೆಲ್ಲ ನಕ್ಕರು. ಅವಳು ನಗಲಿಲ್ಲ. ಅರ್ಜಿಯ ಕೊನೆಯ ದಿನ ಹಾಗೆಯೇ ಕಳೆದುಹೋಯಿತು.

ಮರುವರ್ಷ ನಮ್ಮ ಉಮ್ಮ ಆಸ್ಪತ್ರೆ ಸೇರಿದರು. ಬಹುಕಾಲದ ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನು ಮುಟ್ಟಿತ್ತು. ವೈದ್ಯರು ಔಷಧಿ ಬರೆದು, ಆಹಾರ ತಜ್ಞೆಯನ್ನು ಕಾಣಲು ಹೇಳಿದರು. ಆ ತರುಣಿ ಕೇಳಿದ ಪ್ರಶ್ನೆಗಳನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಗಂಜಿ ಎಷ್ಟು ಬಟ್ಟಲು? ಒಣಮೀನು ವಾರಕ್ಕೆ ಎಷ್ಟು ಸಲ? ಉಪ್ಪಿನಕಾಯಿ ಇಲ್ಲದೆ ಊಟ ಸೇರುವುದೇ? ಚಹಾಕ್ಕೆ ಸಕ್ಕರೆ ಬಿಟ್ಟದ್ದೇ ಪಥ್ಯವೆಂದು ಉಮ್ಮ ನೆಮ್ಮದಿಯಿಂದಿದ್ದರು. ಒಣಮೀನಿನ ಉಪ್ಪು ಮೂತ್ರಪಿಂಡಕ್ಕೆ ಹೊರೆಯಾಗುತ್ತದೆ ಎಂಬುದು ನಮಗಾರಿಗೂ ಹೊಳೆದಿರಲಿಲ್ಲ. ರಕ್ತಪರೀಕ್ಷೆಯ ವರದಿ ನೋಡಿ, ನಮ್ಮ ಮನೆಯ ಬಟ್ಟಲಿನ ಅಳತೆಯಲ್ಲೇ ಆಕೆ ಪಥ್ಯ ಬರೆದುಕೊಟ್ಟಳು. ಕೊನೆಗೆ ಸಂಕೋಚದಿಂದ ಕೇಳಿದಳು: "ಅಮ್ಮಾ, ರಮಝಾನ್‌ನ ಸಹರಿಗೆ ನೀವು ಏನು ತಿನ್ನುತ್ತೀರಿ? ನನಗೆ ತಿಳಿಯದು. ಉಪವಾಸದ ವಿಚಾರವನ್ನು ಮೊದಲೇ ವೈದ್ಯರ ಬಳಿ ಮಾತನಾಡಿ."

ಆ ಪ್ರಶ್ನೆಗೆ ಉತ್ತರ ಗೊತ್ತಿದ್ದ ಒಬ್ಬಳು ನಮ್ಮ ಮನೆಯಲ್ಲೇ ಇದ್ದಳು. ಅವಳನ್ನು ಆ ಕುರ್ಚಿಯವರೆಗೆ ಹೋಗದಂತೆ ತಡೆದವರು ನಾವೇ.

ಯೂನಾನಿ ವೈದ್ಯಪದ್ಧತಿಯಲ್ಲಿ 'ಇಲಾಜ್ ಬಿಲ್ ಗಿಝಾ', ಅಂದರೆ ಆಹಾರದಿಂದ ಚಿಕಿತ್ಸೆ, ಒಂದು ಪ್ರತ್ಯೇಕ ವಿಧಾನವೇ ಆಗಿದೆ. ಆ ಪದಗಳ ಅರ್ಥ ಬಲ್ಲ ನಾವು ಅದರ ತೂಕವನ್ನು ಅರಿಯದೇ ಹೋದೆವು.

ಪೋಷಣಾ ವಿಜ್ಞಾನವು ಅಡುಗೆಯ ಪಾಠವಲ್ಲ. 1890ರ ದಶಕದಲ್ಲಿ ಜಾವಾದಲ್ಲಿದ್ದ ಡಚ್ ವೈದ್ಯ ಐಕ್ಮನ್, ಪಾಲಿಶ್ ಮಾಡಿದ ಅಕ್ಕಿಯನ್ನು ತಿಂದ ಕೋಳಿಗಳು ಬೆರಿಬೆರಿಯಂತಹ ರೋಗದಿಂದ ಕುಸಿಯುವುದನ್ನೂ, ಪಾಲಿಶ್ ಮಾಡದ ಅಕ್ಕಿಯಿಂದ ಚೇತರಿಸಿಕೊಳ್ಳುವುದನ್ನೂ ಕಂಡರು. ತೌಡಿನಲ್ಲಿರುವ ಬಿ1 ಜೀವಸತ್ವವೇ ಕಾರಣವೆಂದು ಬಳಿಕ ತಿಳಿಯಿತು. 1929ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿಯ ಅಧ್ಯಯನಕ್ಕೆಂದು ಆರಂಭವಾದ ಪುಟ್ಟ ಘಟಕವೇ ಇಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿ ಬೆಳೆದಿದೆ. ನಮ್ಮ ಕುಚ್ಚಲಕ್ಕಿಯನ್ನೇ ನೋಡಿ. ಭತ್ತವನ್ನು ಬೇಯಿಸುವಾಗ ಆ ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ. ಅಜ್ಜಿಯರಿಗೆ ರೂಢಿ ಗೊತ್ತಿತ್ತು. ಕಾರಣವನ್ನು ತಿಳಿಸಿದ್ದು ವಿಜ್ಞಾನ.

ಇದರ ಅಗತ್ಯವೆಷ್ಟು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆಯಿದೆ. ಕರ್ನಾಟಕದಲ್ಲಿ ಸುಮಾರು ಅರ್ಧದಷ್ಟು ಮಹಿಳೆಯರಿಗೆ. ದೇಶದಲ್ಲಿ ಮಧುಮೇಹಿಗಳು ಹತ್ತು ಕೋಟಿಗೂ ಹೆಚ್ಚೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಊಟದ ಜೊತೆ ಕುಡಿಯುವ ಚಹಾ ಕಬ್ಬಿಣದ ಅಂಶ ದೇಹಕ್ಕೆ ಸೇರುವುದನ್ನು ತಗ್ಗಿಸುತ್ತದೆ, ಲಿಂಬೆರಸ ಹೆಚ್ಚಿಸುತ್ತದೆ. ಇಷ್ಟು ಸಣ್ಣ ಮಾತನ್ನು ಗರ್ಭಿಣಿಗೆ ಅವಳ ಮನೆಮಾತಿನಲ್ಲಿ ಹೇಳುವವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ?

ಈ ಶೂನ್ಯವನ್ನು ಈಗ ವ್ಯಾಪಾರಿಗಳು ತುಂಬುತ್ತಿದ್ದಾರೆ. 'ವೆಲ್‌ನೆಸ್' ಎಂಬ ಹೆಸರಿನಲ್ಲಿ, ಎರಡು ದಿನಗಳ ತರಬೇತಿ ಪಡೆದವರು ಡಬ್ಬಿಯ ಪುಡಿ ಹಿಡಿದು ಮನೆಬಾಗಿಲಿಗೆ ಬರುತ್ತಾರೆ. ಮೂತ್ರಪಿಂಡ ದುರ್ಬಲವಾದವರಿಗೆ ಪ್ರೋಟೀನ್ ಪುಡಿ ಅಪಾಯಕಾರಿಯಾಗಬಹುದು ಎಂಬುದು ಅವರಿಗೆ ತಿಳಿದಿರುವುದಿಲ್ಲ. ಪದವಿ ಬೇಕಾಗಿರುವುದು ಇದಕ್ಕಾಗಿಯೇ. ಎರಡು ವರ್ಷಗಳ ಎಂ.ಎಸ್ಸಿ.ಯಲ್ಲಿ ಜೀವರಸಾಯನ, ಶರೀರಕ್ರಿಯಾ ಶಾಸ್ತ್ರ, ರೋಗಿಗಳ ಪಥ್ಯ, ಸಂಖ್ಯಾಶಾಸ್ತ್ರ ಇವೆಲ್ಲ ಇರುತ್ತವೆ. ಆದುದರಿಂದ ಪಿಯುಸಿಯಲ್ಲೇ ವಿಜ್ಞಾನವನ್ನು ಆರಿಸಿಕೊಳ್ಳುವುದು ಲೇಸು. ಮೈಸೂರು ವಿಶ್ವವಿದ್ಯಾಲಯದಲ್ಲೂ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೂ ಈ ವ್ಯಾಸಂಗವಿದೆ. ದೂರ ಹೋಗಬಲ್ಲವರಿಗೆ ಹೈದರಾಬಾದಿನ ಸಂಸ್ಥೆಯೂ ಇದೆ. ಆಸ್ಪತ್ರೆಯ ಆರಂಭದ ಸಂಬಳ ವೈದ್ಯರಷ್ಟು ಇರಲಾರದು ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ 2021ರ ಕೇಂದ್ರ ಕಾಯ್ದೆಯು ಆಹಾರ ತಜ್ಞರನ್ನು ಆರೋಗ್ಯ ಸೇವೆಯ ಮಾನ್ಯ ವೃತ್ತಿಗಳ ಪಟ್ಟಿಯಲ್ಲಿ ಸೇರಿಸಿದೆ.

ಹೆತ್ತವರೇ, ಹಾಸ್ಟೆಲ್‌ನ ಸುರಕ್ಷೆ, ಖರ್ಚು, ವಿವಾಹದ ವಯಸ್ಸು ಇವೆಲ್ಲ ನಿಮ್ಮ ಮನಸ್ಸಿನಲ್ಲಿವೆ. ಅವು ನ್ಯಾಯವಾದ ಪ್ರಶ್ನೆಗಳೇ. ಹೋಗಿ ನೋಡಿ, ವಿಚಾರಿಸಿ, ಮಗಳೊಂದಿಗೆ ಕುಳಿತು ತೀರ್ಮಾನಿಸಿ. ನಗೆಯಾಡಿ ಮಾತ್ರ ತೀರ್ಮಾನಿಸಬೇಡಿ.

ಅಲ್ಲಾಹನ ಅನುಗ್ರಹದಿಂದ ಉಮ್ಮ ಇಂದಿಗೂ ನಮ್ಮೊಂದಿಗಿದ್ದಾರೆ. ಅಕ್ಕನ ಮಗಳು ಈಗ ಎರಡು ಮಕ್ಕಳ ತಾಯಿ. ಕಳೆದ ತಿಂಗಳು ಅವಳಲ್ಲಿ ಕ್ಷಮೆ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನದು ಹೋಗಲಿ ಮಾಮಾ, ಇನ್ನೊಬ್ಬಳಿಗೆ ಹಾಗೆ ಹೇಳಬೇಡಿ" ಎಂದಳು.

ಅವಳ ಆ ಮಾತನ್ನು ನಿಮಗೆ ತಲುಪಿಸಲೆಂದೇ ನಾವು ಇಂದು ಇಲ್ಲಿ ನಿಂತಿದ್ದೇವೆ.